ಕಲ್ಲು ಕಂಡಲ್ಲಿ ಕುಕ್ಕರಗಾಲು

ದೇವಸ್ಥಾನದ ಒಳಗೆ ಮಂಗಳಾರತಿ ಆಗುತ್ತಿರುವಾಗ ಹೊಸ್ತಿಲ ಹತ್ತಿರ ಒಬ್ಬ ಹುಡುಗ ಕುಕ್ಕರಗಾಲಲ್ಲಿ ಕೂತು, ಮೂಗು ಕಲ್ಲಿಗೆ ತಾಗುವಷ್ಟು ಬಗ್ಗಿ, ಒಂದು ಕಣ್ಣು ಮುಚ್ಚಿಕೊಂಡಿದ್ದರೆ ಅವನಿಗೆ ಭಕ್ತಿ ಉಕ್ಕಿದೆ ಎಂದು ತಿಳಿಯಬೇಡಿ. ಅವನು ಬಿ.ಎಸ್ಸಿ. ಮೊದಲ ವರ್ಷದ ಜಿಯಾಲಜಿ ವಿದ್ಯಾರ್ಥಿ. ಆರತಿ ತಟ್ಟೆ ಹತ್ತಿರ ಬಂದಾಗ ಎಡಗೈ ಚಾಚಿ ಪೂಜಾರಿಗಳಿಂದ ಬೈಸಿಕೊಳ್ಳುತ್ತಾನೆ. ಬಲಗೈಯಲ್ಲಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಇರುತ್ತದೆ.

ಹುಟ್ಟಿದಂದಿನಿಂದ ಕಲ್ಲಿನ ಮೇಲೆ ಪ್ರೀತಿಯಿದ್ದು ಈ ಕೋರ್ಸಿಗೆ ಸೇರಿದವರು ಅಪರೂಪ. ಸಿಇಟಿ ರ‍್ಯಾಂಕು ಕೈಕೊಟ್ಟಿರುತ್ತದೆ, ಕಂಪ್ಯೂಟರ್ ಸೈನ್ಸ್ ಇರುವ ಕಾಂಬಿನೇಷನ್ನೆಲ್ಲ ಭರ್ತಿಯಾಗಿರುತ್ತದೆ. ಆಗ ಅಡ್ಮಿಷನ್ ಕೌಂಟರಿನ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, "ಜಿಯಾಲಜೀಲಿ ಸೀಟೈತಪ್ಪ, ತಗೊಳೋದಾದ್ರೆ ತಗೋ" ಎನ್ನುತ್ತಾರೆ. ಇವನು ತಗೊಳ್ಳುತ್ತಾನೆ. ಮನೆಗೆ ಬಂದರೆ ದೊಡ್ಡಪ್ಪ, "ಕಪ್ಪೆ ಕೊಯ್ಯೋದು ಈಗ ನಿಲ್ಲಿಸಿದಾರಂತಲ್ಲೋ?" ಎಂದು ವಿಚಾರಿಸುತ್ತಾರೆ. ಅದು ಜುವಾಲಜಿ ಎಂದು ತಿದ್ದಿದರೆ, "ಹಾಗಾದ್ರೆ ಭೂಗೋಳ" ಎಂದು ತಾವೇ ತೀರ್ಮಾನ ಕೊಟ್ಟು ಪೇಪರ್ ಮಡಚುತ್ತಾರೆ.

ಮೊದಲ ಎರಡು ತಿಂಗಳು ಅವನೂ ನಮ್ಮ ನಿಮ್ಮ ಹಾಗೇ ಇರುತ್ತಾನೆ. ಮೋಸ್ ಮಾಪಕದ ಪಾಠ ಮುಗಿದ ದಿನದಿಂದ ಕೆಡುತ್ತಾನೆ. 1812ರಲ್ಲಿ ಫ್ರೀಡ್ರಿಕ್ ಮೋಸ್ ಎಂಬ ಪುಣ್ಯಾತ್ಮ ಖನಿಜಗಳನ್ನು ಒಂದರಿಂದ ಹತ್ತರವರೆಗೆ ಸಾಲಾಗಿ ನಿಲ್ಲಿಸಿದ. ತೀರಾ ಮೆತ್ತಗಿನ ಟಾಲ್ಕ್, ಅಂದರೆ ನಮ್ಮ ಬಳಪದ ಕಲ್ಲಿನಲ್ಲಿರುವುದು, ಒಂದು. ವಜ್ರ ಹತ್ತು. ಗಟ್ಟಿಯದು ಮೆತ್ತಗಿನದನ್ನು ಗೀರುತ್ತದೆ ಎಂಬುದಷ್ಟೇ ನಿಯಮ. ಇದನ್ನು ಅವನು ಮನೆಯ ಮೇಲೆ ಪ್ರಯೋಗಿಸುತ್ತಾನೆ. ಬೆಣಚುಕಲ್ಲು ಏಳು, ಗಾಜು ಐದೂವರೆ; ಆದ್ದರಿಂದ ಬಾಡಿಗೆ ಮನೆಯ ಕಿಟಕಿಯ ಗಾಜಿನ ಮೇಲೆ ಉದ್ದಕ್ಕೊಂದು ಗೀರು. ಓನರು ಬಂದು ಕೇಳಿದರೆ, "ಗೀರದೇ ಇದ್ದಿದ್ರೆ ಅದು ಕ್ಯಾಲ್ಸೈಟ್ ಆಗಿರ್ತಿತ್ತು ಅಂಕಲ್" ಎಂದು ಸಮಾಧಾನ ಹೇಳುತ್ತಾನೆ.

ಆಮೇಲೆ ಅಡುಗೆಮನೆಗೆ ಕಾಲಿಡುತ್ತಾನೆ. ಸುಣ್ಣದಂಶವಿರುವ ಕಲ್ಲಿನ ಮೇಲೆ ಆಸಿಡ್ ಬಿಟ್ಟರೆ ನೊರೆ ಬರಬೇಕು. ಕಾಲೇಜಿನವರು ಆಸಿಡ್ ಮನೆಗೆ ಕೊಟ್ಟುಕಳಿಸುವುದಿಲ್ಲ, ಅಮ್ಮನ ಹತ್ತಿರ ನಿಂಬೆಹಣ್ಣು ಇರುತ್ತದೆ. ಪಾತ್ರೆ ತೊಳೆಯುವ ಜಾಗದ ಕಡಪ ಕಲ್ಲಿನ ಮೇಲೆ ಅರ್ಧ ಹೋಳು ಹಿಂಡಿ, ಮಾರನೆಯ ದಿನ ಅಲ್ಲಿ ಉಳಿದ ಮಂಕು ಕಲೆಯನ್ನು ಎಲ್ಲರನ್ನೂ ಕರೆದು ತೋರಿಸುತ್ತಾನೆ. ಅದೇ ಹುರುಪಿನಲ್ಲಿ ಅಪ್ಪನ ಕಡೆ ತಿರುಗಿ, "ಒಲೆ ಕಟ್ಟೆಗೆ ಹಾಕ್ಸಿರೋದು ಗ್ರಾನೈಟ್ ಅಲ್ಲಪ್ಪ. ಕರೀ ಕಲ್ಲನ್ನೆಲ್ಲ ಅಂಗಡಿಯವ್ರು ಗ್ರಾನೈಟ್ ಅಂತಾರೆ ಅಷ್ಟೆ. ಇದು ಡಾಲರೈಟ್" ಎನ್ನುತ್ತಾನೆ. ಅಪ್ಪನ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಲ್ಲುತ್ತದೆ. "ಗ್ರಾನೈಟ್ ರೇಟೇ ಕೊಟ್ಟಿದೀನಲ್ಲೋ!" ಇವನು ಹೇಳಿದ್ದು ನಿಜವೇ. ಆದರೆ ಗೃಹಪ್ರವೇಶವಾಗಿ ವರ್ಷಗಳಾದ ಮೇಲೆ ಇಂಥ ನಿಜ ಯಾರಿಗೆ ಬೇಕು?

ಹುಡುಗರು ಹುಡುಗಿಯರನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋದರೆ ಗಾಜಿನ ಮನೆ ತೋರಿಸುತ್ತಾರೆ, ಕೆರೆ ಏರಿಯ ಮೇಲೆ ಕೂರುತ್ತಾರೆ. ಇವನು ನೇರವಾಗಿ ಕೆಂಪೇಗೌಡರ ಗೋಪುರವಿರುವ ಬಂಡೆ ಹತ್ತಿಸುತ್ತಾನೆ. "ಇದು ಪೆನಿನ್ಸುಲರ್ ನೈಸ್. ಸುಮಾರು ಮುನ್ನೂರು ಕೋಟಿ ವರ್ಷ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಬೋರ್ಡ್ ನೋಡು. ಈ ಬಿಳಿ ಪಟ್ಟೆ, ಈ ಕರಿ ಪಟ್ಟೆ..." ಕಾದ ಬಂಡೆಯ ಮೇಲೆ ನಿಂತವಳು ಪಟ್ಟೆಗಿಂತ ಮೊದಲು ನೆರಳು ಹುಡುಕುತ್ತಾಳೆ. ಮುಂದಿನ ಭಾನುವಾರ ಅವಳು ಅರ್ಧ ಗಂಟೆ ತಡವಾಗಿ ಬಂದರೆ ಇವನಿಗೆ ಬೇಸರವೇ ಇಲ್ಲ. ಒಂದೆರಡು ಕೋಟಿ ವರ್ಷ ಆಚೀಚೆಯಾದರೂ ಪರವಾಗಿಲ್ಲ ಎನ್ನುವ ಶಾಸ್ತ್ರ ಓದುತ್ತಿರುವವನು. ಅವಳು ಬರಲೇ ಇಲ್ಲ ಎಂದು ಗೊತ್ತಾಗುವುದಕ್ಕೂ ಅವನಿಗೆ ಅಷ್ಟೇ ಕಾಲ ಬೇಕಾಗುತ್ತದೆ.

ಅವನ ವಿದ್ಯೆಯ ಗುಟ್ಟು ಸೀನಿಯರುಗಳಿಗೆ ಗೊತ್ತು. ಬೆಳ್ಳಗಿದ್ದರೆ ಕ್ವಾರ್ಟ್ಸ್, ಕಪ್ಪಗಿದ್ದರೆ ಬಸಾಲ್ಟ್, ಪಟ್ಟೆ ಇದ್ದರೆ ನೈಸ್, ಹೊಳೆದರೆ ಮೈಕಾ. ಪ್ರಾಕ್ಟಿಕಲ್‌ನ ಸ್ಪಾಟರ್ಸ್ ಸಾಲಿನಲ್ಲಿ ಅವರು ಕೆಡವಿದ ಕಾಂಪೌಂಡಿನ ಒಂದು ಕಾಂಕ್ರೀಟ್ ತುಂಡನ್ನೂ ಇಟ್ಟಿರುತ್ತಾರೆ. ಇವನು ಎತ್ತುತ್ತಾನೆ, ತಿರುಗಿಸುತ್ತಾನೆ, ಲೆನ್ಸ್ ಹಿಡಿಯುತ್ತಾನೆ, ರೆಕಾರ್ಡಿನಲ್ಲಿ ಬರೆಯುತ್ತಾನೆ: ಕಾಂಗ್ಲೊಮರೇಟ್, ಧಾರವಾಡ ಶಿಲಾವರ್ಗ, 260 ಕೋಟಿ ವರ್ಷ. ಮಗ್ಗುಲಲ್ಲಿ ಒಂದಿಷ್ಟು ಕಬ್ಬಿಣದ ಕಂಬಿ ಇಣುಕುತ್ತಿದ್ದರೆ ಅದಕ್ಕೂ ವಿವರಣೆ ಉಂಟು: ಕಬ್ಬಿಣದ ಅದಿರಿನ ಎಳೆ.

ಊರಿಗೆ ಹೋದರೆ ಬೇರೆ ಪರೀಕ್ಷೆ ಕಾದಿರುತ್ತದೆ. ಚಿತ್ರದುರ್ಗದ ಕಡೆಯ ಸೋದರಮಾವನಿಗೆ ಜಿಯಾಲಜಿ ಎಂದರೆ ಒಂದೇ ಅರ್ಥ, ಬೋರ್‌ವೆಲ್ ಪಾಯಿಂಟ್. "ಅಳಿಯಾ, ನಮ್ಮ ಹೊಲದಾಗೆ ಎಲ್ಲಿ ನೀರೈತೆ ತೋರ್ಸು." ಮಾವ ಬುದ್ಧಿವಂತ, ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ನೋಡುವ ಯಜಮಾನರನ್ನೂ ಅದೇ ದಿನ ಕರೆಸಿರುತ್ತಾನೆ. ಇವನು ನೋಟ್ಸ್ ನೆನಪಿಸಿಕೊಂಡು, ಗಟ್ಟಿ ಶಿಲೆಯ ನಾಡಿನಲ್ಲಿ ನೀರು ನಿಲ್ಲುವುದು ಮೇಲಿನ ಸವೆದ ಪದರದಲ್ಲಿ ಮತ್ತು ಬಿರುಕುಗಳಲ್ಲಿ ಮಾತ್ರ ಎಂದು ಉಪನ್ಯಾಸ ಶುರುಮಾಡುತ್ತಾನೆ. ಯಜಮಾನರು ಅಷ್ಟರಲ್ಲಿ ಹೊಲ ಸುತ್ತಿ ಬಂದಿರುತ್ತಾರೆ. ಕಾಯಿ ಎದ್ದು ನಿಂತ ಜಾಗದಲ್ಲಿ ಒಂದು ಕಲ್ಲಿಟ್ಟಿರುತ್ತಾರೆ.

"ಇಲ್ಲೇ ಯಾಕೆ ಯಜಮಾನ್ರೇ?" ಎಂದು ಇವನು ಸ್ವಲ್ಪ ಕೊಂಕಾಗಿಯೇ ಕೇಳುತ್ತಾನೆ.

ಅವರು ಬೀಡಿ ಹಚ್ಚಿ, "ಅಲ್ನೋಡು ತಮ್ಮಾ, ಆ ಕರಿಗುಂಡಿನ ಸಾಲು ಹೊಲಕ್ಕೆ ಅಡ್ಡ ಹೋಗೈತೆ. ಒಳಗೂ ಹಂಗೇ ಗೋಡೆ ಇಳ್ದಿರ್ತೈತೆ. ಮೇಲಿನಿಂದ ಬರೋ ನೀರು ಅದ್ರ ಈಚೆ ಕಡೆ ತಡೀತೈತೆ" ಎನ್ನುತ್ತಾರೆ.

ಇವನ ಬಾಯಿ ಕಟ್ಟುತ್ತದೆ. ಅವರು ಹೇಳಿದ್ದು ಡಾಲರೈಟ್ ಡೈಕ್, ಮೂರನೇ ಯೂನಿಟ್ಟು, ಇವನು ಚಾಯ್ಸಿನಲ್ಲಿ ಬಿಟ್ಟದ್ದು. "ಎಲ್ಲಾ ಗೊತ್ತಿದ್ಮೇಲೆ ಆ ತೆಂಗಿನಕಾಯಿ ಯಾಕೆ?"

"ಕಾಯಿ ಹಿಡೀದೆ ಬರೀ ಬಾಯಲ್ಲಿ ಹೇಳಿದ್ರೆ ನಿಮ್ಮಾವ ದುಡ್ಡು ಕೊಡ್ತಾನಾ?"

ಹೊಗೆ ಬಿಡುತ್ತ ಅವರು ಇವನ ಕೈಯ ಸುತ್ತಿಗೆ ನೋಡುತ್ತಾರೆ. ಇವನೂ ನೋಡಿಕೊಳ್ಳುತ್ತಾನೆ.

ವರ್ಷದ ಕೊನೆಗೆ ಫೀಲ್ಡ್ ಟ್ರಿಪ್. ಅದೇ ಸೀಮೆಯ ಮರಡಿಹಳ್ಳಿಯಲ್ಲಿ ಲಾವಾರಸ ನೀರೊಳಗೆ ಉಕ್ಕಿ, ಹೊರಮೈ ತಣಿದು ಗಟ್ಟಿಯಾಗಿ, ಒಳಗಿನದು ಮತ್ತೆ ಒಡೆದು ಹೊರಬಂದು, ದಿಂಬುಗಳನ್ನು ಒಟ್ಟಿದಂತೆ ನಿಂತ ಕಲ್ಲುಗಳಿವೆ. ಸುಮಾರು 250 ಕೋಟಿ ವರ್ಷ ಹಳೆಯ ಆ ಸ್ಮಾರಕದ ಮೇಲೆ ಸುತ್ತಿಗೆ ಎತ್ತಬಾರದು ಎಂದು ಮೇಷ್ಟ್ರು ಗದರಿರುವುದರಿಂದ, ಉಳಿದ ದಾರಿಯುದ್ದಕ್ಕೂ ಬಡಿದು ಆ ಆಸೆ ತೀರಿಸಿಕೊಳ್ಳುತ್ತಾನೆ. ವಾಪಸ್ ಬರುವಾಗ ಚೀಲ ಎತ್ತಲು ಹೋದ ಕಂಡಕ್ಟರು, "ಏನಪ್ಪಾ ಇದು, ಮನೆ ಕಟ್ಟಿಸ್ತಿದೀಯಾ?" ಎಂದು ಲಗೇಜು ಹರಿಯುತ್ತಾರೆ.

ಆ ಕಲ್ಲುಗಳಿಗೆಲ್ಲ ಬಿಳಿ ಬಣ್ಣ ಬಳಿದು, ನಂಬರು ಬರೆದು ಶೆಲ್ಫಿನಲ್ಲಿ ಜೋಡಿಸಿರುತ್ತಾನೆ. ಫೀಲ್ಡ್ ರಿಪೋರ್ಟ್ ಬರೆಯಲು ಕೂತ ದಿನ ಐದು ಕಾಣೆ. ತಾರಸಿಗೆ ಹತ್ತಿದರೆ ಸಂಡಿಗೆ ಒಣಹಾಕಿದ ಪಂಚೆಯ ಒಂದೊಂದು ಮೂಲೆಗೆ ಒಂದೊಂದು ಕೂತಿವೆ. ಗಾಳಿ ಜೋರಾಗಿ ಬರುವ ಮೂಲೆಗೆ ಅಮ್ಮ ಕಬ್ಬಿಣದಂಶದ ಕಲ್ಲನ್ನೇ ಇಟ್ಟಿದ್ದಾರೆ. ತೂಕ ಅವರಿಗೆ ಕೈಯಲ್ಲೇ ಗೊತ್ತು. ಐದನೆಯದು ಮಾವಿನಕಾಯಿ ಜಾಡಿಯೊಳಗೆ ಉಪ್ಪುನೀರಿನಲ್ಲಿ ಮುಳುಗಿರುತ್ತದೆ, ಹೋಳು ಮೇಲೆ ತೇಲದಿರಲಿ ಎಂದು. ತೆಗೆದು ನೋಡಿದರೆ ಕ್ವಾರ್ಟ್ಸೈಟ್, ಹುಳಿ ಉಪ್ಪು ಯಾವುದಕ್ಕೂ ಜಗ್ಗದ ಜಾತಿ. ಶೆಲ್ಫಿನಲ್ಲಿ ಅದರ ಪಕ್ಕದಲ್ಲೇ ಇದ್ದ ಶಹಾಬಾದ್ ಕಲ್ಲಿನ ಚೂರನ್ನು ಅಮ್ಮ ಮುಟ್ಟಿಲ್ಲ.

"ಇದನ್ನೇ ಯಾಕಮ್ಮಾ ಹಾಕ್ದೆ?"

"ಅದು ಹುಳಿಗೆ ಕರಗುತ್ತೆ ಅಂತ ನೀನೇ ತಾನೆ ನನ್ನ ಕಡಪ ಹಾಳು ಮಾಡಿ ತೋರಿಸಿದ್ದು?"

ಇಡೀ ವರ್ಷದಲ್ಲಿ ಅವನ ಪಾಠ ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಇದೊಂದೇ. ಫೀಲ್ಡ್ ರಿಪೋರ್ಟಿನಲ್ಲಿ ಅದನ್ನು ಬರೆಯಲು ಕಾಲಂ ಇಲ್ಲ.

ಇವನೇ ಫೈನಲ್ ಇಯರಿಗೆ ಬರುವ ಹೊತ್ತಿಗೆ ಆಳು ಬೇರೆಯಾಗಿರುತ್ತಾನೆ. ಕಲ್ಲನ್ನು 0.03 ಮಿಲಿಮೀಟರ್ ತೆಳ್ಳಗೆ ಉಜ್ಜಿ, ಸೂಕ್ಷ್ಮದರ್ಶಕದಡಿ ಇಟ್ಟು, ತಾನು ಬಸಾಲ್ಟ್ ಎಂದದ್ದು ಬಸಾಲ್ಟ್ ಅಲ್ಲ ಎಂದು ಕಂಡುಕೊಂಡಿರುತ್ತಾನೆ. ಈಗ ಮಾವ ಒಂದು ಕಲ್ಲು ತಂದು ಮುಂದೆ ಹಿಡಿದರೆ ಬಹಳ ಹೊತ್ತು ತಿರುಗಿಸಿ ನೋಡಿ, "ಥಿನ್ ಸೆಕ್ಷನ್ ಮಾಡಿ ನೋಡದೆ ಹೇಳಕ್ಕಾಗಲ್ಲ ಮಾವ" ಎನ್ನುತ್ತಾನೆ. ಮೂರು ವರ್ಷ ಫೀಸು ಕಟ್ಟಿ ಇಷ್ಟು ಕಲಿತನೇ ಎಂದು ಮಾವನಿಗೆ ಹೊಟ್ಟೆ ಉರಿಯುತ್ತದೆ.

ಆದ್ದರಿಂದ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇಂಥವನೊಬ್ಬನಿದ್ದು, ಉಂಗುರದ ಹರಳಿನಿಂದ ಒರಳುಕಲ್ಲಿನವರೆಗೆ ಏನಾದರೂ ಕೇಳುವುದಿದ್ದರೆ ಮೊದಲ ವರ್ಷದಲ್ಲೇ ಕೇಳಿಬಿಡಿ. ತಡಮಾಡಿದರೆ ಅವನಿಗೆ ತಿಳಿವಳಿಕೆ ಬಂದುಬಿಡುತ್ತದೆ.