ಆಕಾಶದ ಪಂಚನಾಮೆ

ಚಿತ್ತಾಪುರ, ವಾಡಿ, ಶಹಾಬಾದ, ಸೇಡಂ, ಚಿಂಚೋಳಿಗಳ ಸುತ್ತಮುತ್ತ ಊರಿಗೊಬ್ಬನಂತೆ ಕಾಣಸಿಗುವ, ಸರ್ಕಾರ ನೇಮಿಸದ, ಸಂಬಳವಿಲ್ಲದ, ಆದರೆ ಒಂದು ದಿನವೂ ರಜೆ ಹಾಕದ ಅಧಿಕಾರಿಯೊಬ್ಬನನ್ನು ಅನುಕೂಲಕ್ಕಾಗಿ ‘ಆಕಾಶದ ಪಂಚ’ ಎಂದು ಕರೆಯಬಹುದು. ಘಟನೆ ನಡೆದ ಜಾಗಕ್ಕೆ ಹೋಗಿ, ನಾಲ್ಕು ಜನರನ್ನು ನಿಲ್ಲಿಸಿಕೊಂಡು, ಕಂಡದ್ದನ್ನು ಕಂಡಂತೆ ಬರೆದು ಸಹಿ ಹಾಕಿಸಿಕೊಳ್ಳುವ ದಾಖಲೆಗೆ ಪಂಚನಾಮೆ ಎಂದೂ, ಹಾಗೆ ಸಹಿ ಹಾಕುವವರಿಗೆ ಪಂಚರು ಎಂದೂ ಹೆಸರು. ಈತನ ತೊಡಕೆಂದರೆ ಘಟನೆ ನಡೆಯುವ ಜಾಗ ಆಕಾಶದಲ್ಲಿರುವುದು. ಅಲ್ಲಿಗೆ ಹೋಗುವ ಬಸ್ಸು ಇಲ್ಲದ್ದರಿಂದ ಪಂಚನಾಮೆಯನ್ನು ಮಾಳಿಗೆಯ ಮೇಲೆಯೇ ಮುಗಿಸುತ್ತಾನೆ.

ಈ ಪ್ರಭೇದದ ಉತ್ತಮ ಮಾದರಿ ರಾವೂರದಲ್ಲಿ ಬೆಳೆಯುವುದಕ್ಕೆ ನೆಲದ ಗುಣವೂ ಕಾರಣ. ಮಗ್ಗುಲಲ್ಲೇ ವಾಡಿಯ ಸಿಮೆಂಟ್ ಕಾರ್ಖಾನೆಯಿದೆ. ಸುಣ್ಣದ ಕಲ್ಲನ್ನೂ ಮಣ್ಣನ್ನೂ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಬೇಯಿಸಿ ಕ್ಲಿಂಕರ್ ಎಂಬ ಗಟ್ಟಿ ಉಂಡೆಗಳನ್ನಾಗಿ ಮಾಡುವ ಇಂಥ ಕಾರ್ಖಾನೆಗಳಿಗೆ ಹಗಲು ಬೇರೆ, ರಾತ್ರಿ ಬೇರೆ ಎಂಬುದಿಲ್ಲ, ಮತ್ತು ಅಲ್ಲಿನ ದೀಪಗಳ ಬೆಳಕು ಗಾಳಿಯಲ್ಲಿನ ಧೂಳಿನ ಕಣಗಳಿಗೆ ತಾಗಿ ಚದುರಿ ಅಮಾವಾಸ್ಯೆಯಲ್ಲೂ ಆ ಕಡೆಯ ಆಕಾಶವನ್ನು ಮಸುಕಾಗಿ ಬೆಳಗುತ್ತಿರುತ್ತದೆ. ಇನ್ನು ಶಹಾಬಾದ ಪರಸಿ, ಎಂದರೆ ನೆಲದಡಿಯಿಂದ ಹಾಳೆಹಾಳೆಯಾಗಿ ಏಳುವ ಸುಣ್ಣಗಲ್ಲಿನ ಚಪ್ಪಡಿ, ಹಗಲೆಲ್ಲ ಕುಡಿದ ಬೇಸಿಗೆಯ ಬಿಸಿಲನ್ನು ನಡುರಾತ್ರಿಯವರೆಗೆ ಮಲಗಿದವರ ಬೆನ್ನಿಗೆ ಬಡ್ಡಿಸಮೇತ ಹಿಂದಿರುಗಿಸುವುದರಿಂದ, ಮಾಳಿಗೆ ಏರಿದ ಊರಿಗೆ ಊರೇ ನಿದ್ದೆಗೆಟ್ಟು ಅಂಗಾತ ಬಿದ್ದಿರುತ್ತದೆ. ಅಂಗಾತ ಬಿದ್ದವರಿಗೆ ಆಕಾಶವಲ್ಲದೆ ನೋಡಲು ಬೇರೇನಿದೆ?

ಮೂರು ಪಾಳಿಯ ನೌಕರಿಯಿಂದ ನಿವೃತ್ತನಾದರೂ ರಾತ್ರಿಪಾಳಿಯ ಎಚ್ಚರದಿಂದ ನಿವೃತ್ತನಾಗದ ಈ ವ್ಯಕ್ತಿಯನ್ನು ಊರು ‘ಕಾಕಾ’ ಎನ್ನುತ್ತದೆ. ಕಾಕಾನ ತಲೆದಿಂಬಿನ ಕೆಳಗೆ ಉದ್ದನೆಯ ಲೆಕ್ಕದ ವಹಿಯೊಂದಿದ್ದು, ಅದರಲ್ಲಿ ದಿನಾಂಕ, ವೇಳೆ, ದಿಕ್ಕು, ಬಣ್ಣ, ಗಾತ್ರ, ಪಂಚರ ಸಹಿ ಮತ್ತು ಶರಾ ಎಂಬ ಏಳು ಕಾಲಂಗಳನ್ನು ಸ್ಕೇಲಿಟ್ಟು ಗೆರೆ ಎಳೆಯಲಾಗಿದೆ. ಮೊದಲ ಆರನ್ನು ಪೆನ್ನಿನಿಂದ ತುಂಬುವುದು, ಶರಾವನ್ನು, ಎಂದರೆ ಅಧಿಕಾರಿಯ ಕಡೆಯ ಅಭಿಪ್ರಾಯವನ್ನು, ಪೆನ್ಸಿಲಿನಿಂದ ಬರೆಯುವುದು ಪದ್ಧತಿ. ಬೆಳಿಗ್ಗೆ ಚಹಾದ ಅಂಗಡಿಯಲ್ಲಿ ಹೊಸ ಅಭಿಪ್ರಾಯ ಹುಟ್ಟಿದಂತೆಲ್ಲ ಹಳೆಯದನ್ನು ಅಳಿಸಬೇಕಾಗುವುದರಿಂದ ಕೆಲವು ಪುಟಗಳಲ್ಲಿ ಶರಾದ ಜಾಗವೇ ಸವೆದು ತೂತಾಗಿದೆ.

ವೇಳೆಯ ಕಾಲಂ ವಾಡಿ ಜಂಕ್ಷನ್ನಿನ ಭರವಸೆಯ ಮೇಲೆ ನಿಂತಿದೆ. ಗಡಿಯಾರ ನೋಡಲು ಕಣ್ಣು ಕೆಳಗಿಳಿಸಿದರೆ ಬೆಳಕು ತಪ್ಪಿಸಿಕೊಂಡೀತೆಂಬ ಭಯದಿಂದ ಕಾಕಾ ರೈಲಿನ ಸದ್ದಿನ ಮೇಲೆ ವೇಳೆ ಬರೆಯುವುದರಿಂದ, ರೈಲು ಒಂದು ತಾಸು ತಡವಾಗಿ ಬಂದ ರಾತ್ರಿ ಬೆಳಕು ಒಂದು ತಾಸು ಮುಂಚೆಯೇ ಕಂಡಂತೆ ದಾಖಲಾಗುತ್ತದೆ. ಗಾತ್ರದ ಕಾಲಂ ಇನ್ನೂ ಗಂಭೀರವಾದದ್ದು. ತೊಗರಿಯ ನಾಡಾದ್ದರಿಂದ ಮೊದಲ ಸಾಕ್ಷಿ ‘ತೊಗರಿ ಕಾಳಿನಷ್ಟು’ ಎನ್ನುತ್ತಾನೆ, ಎರಡನೆಯವನು ‘ಜೋಳದ ರೊಟ್ಟಿಯಷ್ಟು’ ಎನ್ನುತ್ತಾನೆ, ಆ ರಾತ್ರಿ ಸೇಡಂನಲ್ಲಿ ನೆಂಟರ ಮನೆಯಲ್ಲಿದ್ದ ಮೂರನೆಯವನು ‘ಬಂಡಿಯ ಗಾಲಿಯಷ್ಟು’ ಎಂದು ಸಹಿ ಹಾಕುತ್ತಾನೆ. ಆಕಾಶದಲ್ಲಿ ಹುಣ್ಣಿಮೆ ಚಂದ್ರನ ಅಗಲ ಅರ್ಧ ಡಿಗ್ರಿಯಷ್ಟೇ ಇದ್ದು, ಚಾಚಿದ ಕೈಯಲ್ಲಿ ಹಿಡಿದ ಒಂದು ತೊಗರಿ ಕಾಳು ಅದನ್ನು ಹೆಚ್ಚುಕಡಿಮೆ ಮರೆಮಾಡಬಲ್ಲದು. ಅದೇ ದೂರಕ್ಕೆ ಹಿಡಿದ ರೊಟ್ಟಿಯ ಅಗಲದಲ್ಲಿ ಮೂವತ್ತಕ್ಕೂ ಹೆಚ್ಚು ಚಂದ್ರರು ಸಾಲಾಗಿ ಕೂರುತ್ತಾರೆ. ಈ ಲೆಕ್ಕದಲ್ಲಿ ರಾವೂರದ ಮೇಲೆ ಹಾದುಹೋದ ಕೆಲವು ಬೆಳಕುಗಳಿಗೆ ಊರಿನ ಕೋಳಿಗಳಾದರೂ ಬೆಳಗಾಯಿತೆಂದು ಕೂಗಬೇಕಿತ್ತು.

ಬೆಳಕು ಸರಿದಾಡುವುದು ಮತ್ತೊಂದು ಪ್ರಕರಣ. ಸುತ್ತಲೂ ಕತ್ತಲಿದ್ದು ಒಂದೇ ಬಿಂದುವನ್ನು ದಿಟ್ಟಿಸಿ ನೋಡಿದಾಗ, ಹೋಲಿಕೆಗೆ ಪಕ್ಕದಲ್ಲಿ ಏನೂ ಇಲ್ಲದೆ, ನಿಂತ ಬಿಂದುವೇ ಅತ್ತಿತ್ತ ಅಲೆದಂತೆ ತೋರುತ್ತದೆ. ಮನೋವಿಜ್ಞಾನಿಗಳು ಇದನ್ನು ಸ್ವಚಲನ ಭ್ರಮೆ ಎನ್ನುತ್ತಾರೆ. ಸೂರ್ಯಚಂದ್ರರನ್ನು ಬಿಟ್ಟರೆ ಆಕಾಶದಲ್ಲಿ ನಿತ್ಯ ಕಾಣುವವುಗಳಲ್ಲಿ ಅತಿ ಪ್ರಕಾಶದ್ದಾದ ಶುಕ್ರಗ್ರಹ, ಎಂದರೆ ತಲೆತಲಾಂತರದಿಂದ ರೈತರನ್ನು ಎಬ್ಬಿಸಿದ ಬೆಳ್ಳಿಚಿಕ್ಕಿ, ಈ ಭ್ರಮೆಯಿಂದಾಗಿ ಕಾಕಾನ ವಹಿಯಲ್ಲಿ ಹಲವು ಸಲ ಆರೋಪಿಯಾಗಿ ನಿಂತಿದೆ.

“ಕಾಕಾ, ಸರೀಲಾಕತ್ತದ ನೋಡ್ರಿ!” ಎಂದು ಹುಡುಗನೊಬ್ಬ ಕೂಗಿದರೆ ಕಾಕಾ ವಹಿ ಮುಂದೊಡ್ಡುತ್ತಾನೆ.

“ಮೊದಲ ಸಹಿ ಹಾಕೋ ತಮ್ಮಾ, ಆಮ್ಯಾಲ ಸರೀವಲ್ದ್ಯಾಕ.”

2019ರ ಮೇ ತಿಂಗಳಲ್ಲಿ ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿಯು ಇಂಟರ್‌ನೆಟ್ ಸೇವೆಗಾಗಿ 60 ಸ್ಟಾರ್‌ಲಿಂಕ್ ಉಪಗ್ರಹಗಳನ್ನು ಒಂದೇ ರಾಕೆಟ್ಟಿನಲ್ಲಿ ಹಾರಿಸಿದ ಮೇಲೆ, ಹಾರಿದ ಹೊಸದರಲ್ಲಿ ಒಂದರ ಹಿಂದೊಂದು ಸಾಲುಹಿಡಿದು ಸಾಗುವ ಇಂಥ ಬೆಳಕುಗಳಿಗೆ ಜಗತ್ತೆಲ್ಲ ‘ರೈಲು’ ಎಂದೇ ಹೆಸರು ಬಿದ್ದಿತು. ಉಳಿದ ಊರುಗಳಿಗೆ ಅದು ಉಪಮೆ. ಸೊಲ್ಲಾಪುರ, ಸಿಕಂದರಾಬಾದ್, ರಾಯಚೂರು ಕಡೆಯ ಹಳಿಗಳು ಕೂಡುವ ವಾಡಿಯ ನೆರೆಯವರಿಗೆ ಮಾತ್ರ ಅದು ಯಾವ ಲೈನಿನದು ಎಂಬ ನಿಜವಾದ ಪ್ರಶ್ನೆ. ಇಂಥ ಉಪಗ್ರಹಗಳಿಗೆ ಸ್ವಂತ ದೀಪವಿಲ್ಲ, ನೆಲದಲ್ಲಿ ಕತ್ತಲಾದ ಮೇಲೂ ಎತ್ತರದಲ್ಲಿ ಉಳಿದ ಬಿಸಿಲಿಗೆ ಅವು ಹೊಳೆಯುತ್ತವೆ, ಭೂಮಿಯ ನೆರಳು ಹೊಕ್ಕೊಡನೆ ನಡು ಆಕಾಶದಲ್ಲೇ ಆರಿದಂತೆ ಮಾಯವಾಗುತ್ತವೆ. ಕಾಕಾನ ಶರಾದಲ್ಲಿ ಇದು ‘ಕರೆಂಟ್ ಹೋಯಿತು’ ಎಂದು ನಮೂದಾಗಿದೆ. ಬೇಸಿಗೆಯ ಊರಿನಲ್ಲಿ ಇದಕ್ಕಿಂತ ಸಹಜವಾದ ವಿವರಣೆ ಇರಲಾರದು.

ಅಮೆರಿಕದ ವಾಯುಸೇನೆಯು 1952ರಿಂದ 1969ರವರೆಗೆ ‘ಪ್ರಾಜೆಕ್ಟ್ ಬ್ಲೂ ಬುಕ್’ ಎಂಬ ಹೆಸರಿನಲ್ಲಿ ಇದೇ ಕೆಲಸ ಮಾಡಿ, 12,618 ವರದಿಗಳಲ್ಲಿ 701ಕ್ಕೆ ಮಾತ್ರ ಗುರುತು ಸಿಗಲಿಲ್ಲವೆಂದು ಕಡತ ಮುಚ್ಚಿತು. ಕಾಕಾನ ಕಡತದಲ್ಲಿ ಗುರುತು ಸಿಗದ ಬೆಳಕು ಒಂದೂ ಇಲ್ಲ. ಪ್ರತಿಯೊಂದಕ್ಕೂ ನಾಲ್ಕು ಗುರುತುಗಳಿವೆ. ಮುತ್ಯಾಗಳ ಪ್ರಕಾರ ಅದು ಕೊಳ್ಳಿದೆವ್ವ, ಕಾರ್ಖಾನೆಯವರ ಪ್ರಕಾರ ಚಿಮಣಿಯ ದೀಪ, ಕಾಲೇಜು ಹುಡುಗರ ಪ್ರಕಾರ ಡ್ರೋನ್, ಮೊಬೈಲ್ ನೋಡಿದವರ ಪ್ರಕಾರ ಅನ್ಯಗ್ರಹದವರು. ಲೆಕ್ಕ ಹಾಕಿ ನೋಡಬಾರದೇ ಎಂದು ಯಾರಾದರೂ ಕೇಳಿದರೆ ಕಾಕಾ ಸೇಡಂ ತಾಲ್ಲೂಕಿನ ಮಳಖೇಡದ ಕಡೆ ಕೈ ತೋರಿಸಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ಒಂಬತ್ತನೆಯ ಶತಮಾನದಲ್ಲೇ ‘ಗಣಿತಸಾರಸಂಗ್ರಹ’ ಬರೆದು ಈ ಸೀಮೆಯ ಲೆಕ್ಕವನ್ನೆಲ್ಲ ಮುಗಿಸಿದ್ದಾನೆಂದು ಹೇಳಿ ತಾನು ಪಾರಾಗುತ್ತಾನೆ.

ಆದರೂ ಈ ಸೀಮೆಯ ಆಕಾಶದಲ್ಲಿ ನಿಜವಾಗಿಯೂ ವಿಚಿತ್ರವಾದದ್ದು ತೇಲುವುದುಂಟು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು ಹೈದರಾಬಾದಿನ ತನ್ನ ಕೇಂದ್ರದಿಂದ ತೆಳುವಾದ ಪಾಲಿಥೀನ್ ಹಾಳೆಯ ಭಾರೀ ಬಲೂನುಗಳನ್ನು ಹೈಡ್ರೋಜನ್ ತುಂಬಿ ಹಾರಿಸುತ್ತದೆ. ಅವು ವಿಜ್ಞಾನದ ಉಪಕರಣಗಳನ್ನು ಹೊತ್ತು 30ರಿಂದ 42 ಕಿಲೋಮೀಟರ್ ಎತ್ತರಕ್ಕೆ ಏರಿ, ನೆಲದಲ್ಲಿನ್ನೂ ನಸುಗತ್ತಲಿರುವಾಗಲೇ ಬಿಸಿಲು ಕಂಡು ಬೆಳ್ಳಗೆ ಹೊಳೆಯುತ್ತ, ಗಾಳಿ ಕರೆದತ್ತ ಹೋಗುತ್ತವೆ. ಕೆಲಸ ಮುಗಿದ ಮೇಲೆ ಉಪಕರಣಗಳು ಪ್ಯಾರಾಚೂಟಿನಲ್ಲಿ ತೆಲಂಗಾಣ, ಕರ್ನಾಟಕ, ಮಹಾರಾಷ್ಟ್ರಗಳ ಯಾವುದೋ ಹೊಲಕ್ಕೆ ಇಳಿಯುತ್ತವೆ. ಮುಟ್ಟಬೇಡಿ, ತಿಳಿಸಿರಿ ಎಂಬ ಸೂಚನೆಯೊಡನೆ ವಿಳಾಸವೂ ಅವುಗಳ ಮೇಲೆಯೇ ಇರುವುದರಿಂದ ತನಿಖೆ ಒಂದು ಫೋನಿನಲ್ಲಿ ಮುಗಿಯುತ್ತದೆ. ತನಿಖೆ ಹಾಗೆ ಮುಗಿಯುವುದೇ ಕಾಕಾನಿಗೆ ಬಂದೊದಗಬಹುದಾದ ದೊಡ್ಡ ಆಪತ್ತು.

2025ರ ಜನವರಿ 18ರ ಬೆಳಿಗ್ಗೆ ಅಂಥದೊಂದು ಬಲೂನು ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಮನೆಯೊಂದರ ಮೇಲೆ ಬಿದ್ದಿತು. ವರ್ಷಗಟ್ಟಲೆ ಮಾಳಿಗೆಯ ಮೇಲೆ ವಹಿ ಬಿಚ್ಚಿ ಕಾದ ಕಾಕಾನನ್ನು ಬಿಟ್ಟು, ಕಾಯದೆಯೇ ಇದ್ದ ಊರಿನ ಮಾಳಿಗೆಗೆ ಆಕಾಶ ತಾನಾಗಿ ಇಳಿದುಬಂದಿತ್ತು. ಅದೂ ಎಂಥ ಊರಿಗೆ? ಅಲ್ಲಿನ ಚಾಲುಕ್ಯರ ಕಾಲದ ಗುಡಿಯ ಗೋಡೆಯಲ್ಲಿ ಆರನೆಯ ವಿಕ್ರಮಾದಿತ್ಯನ ಪ್ರಶಂಸೆಯ ಶಾಸನವನ್ನು ಬರೆಯುತ್ತ ನಿಂತ ಶಿಲಾಬಾಲಿಕೆಯೊಬ್ಬಳಿದ್ದಾಳೆ; ಎಂದರೆ ಬರೆದಿಡುವ ಕೆಲಸಕ್ಕೆ ಅಲ್ಲಿ ಮೊದಲೇ ನೇಮಕವಾಗಿದೆ, ಮತ್ತು ಆಕೆಯ ಬರಹ ಅಳಿಸುವಂಥದ್ದಲ್ಲ. ಸುದ್ದಿ ಕೇಳಿದ ಈ ಜಾತಿಯ ಅಧಿಕಾರಿ ಎಷ್ಟು ಹೊತ್ತು ಸುಮ್ಮನಿದ್ದು, ಕಡೆಗೆ ವಹಿಯಲ್ಲಿ ಯಾವ ಶರಾ ಬರೆಯುತ್ತಾನೆಂಬುದನ್ನು ಊಹಿಸುವುದು ಕಷ್ಟವಲ್ಲ. ಆತ ಪೆನ್ಸಿಲನ್ನು ಕಿವಿಯ ಸಂದಿಗೆ ಸಿಕ್ಕಿಸಿ, ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಆ ಕಾಲಂನಲ್ಲಿ ಪೆನ್ನು ಊರುತ್ತಾನೆ: ‘ಬಿದ್ದದ್ದು ರಾವೂರ ಸರಹದ್ದಿನಲ್ಲಿ ಅಲ್ಲ. ಆದಕಾರಣ ಅದು ಬೆಳಕೇ ಅಲ್ಲ.’