ಭಾಗವತರೇ, ಇವರನ್ನೂ ಕೇಳಿ

ಹುಕ್ಕೇರಿ, ಗೋಕಾಕ, ಮೂಡಲಗಿ ತಾಲೂಕುಗಳ ಜಾತ್ರಾ ಕಮಿಟಿಯ ಹಿರಿಯರಿಗೆ, ನಾಟಕ ಆಡುವ, ಆಡಿಸುವ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ,



ಬರುವ ಜಾತ್ರೆಗೆ ಯಾವ ನಾಟಕ ಎಂದು ನೀವು ಗುಡಿಯ ಕಟ್ಟೆಯ ಮೇಲೆ ಮಾತಿಗೆ ಕೂಡುವ ಮೊದಲೇ ಈ ಪತ್ರ ನಿಮ್ಮ ಕೈ ಸೇರಲಿ ಎಂದು ಬರೆಯುತ್ತಿದ್ದೇನೆ. ನನ್ನ ಕೇಳಿಕೆ ಒಂದೇ. ನಮ್ಮ ಊರುಗಳಲ್ಲಿ ಸೈನಿಕರ ಮನೆಗಳಿವೆ. ಆ ಮನೆಗಳ ಹೆಣ್ಣುಮಕ್ಕಳು ತಮ್ಮ ಬದುಕಿನ ಬಗ್ಗೆ ತಾವೇ ಆಡಿದ ಮಾತನ್ನು, ಟ್ರಂಕಿನ ತಳದಲ್ಲಿ ಜೋಪಾನ ಮಾಡಿಟ್ಟ ಕಾಗದಪತ್ರಗಳನ್ನು, ಒಂದಕ್ಷರ ತಿದ್ದದೆ ರಂಗದ ಮೇಲೆ ತನ್ನಿ. ಹೀಗೆ ಕಟ್ಟುವ ನಾಟಕಕ್ಕೆ ದಾಖಲೆ ರಂಗಭೂಮಿ ಎನ್ನುತ್ತಾರೆ. ಅದನ್ನು ನಮ್ಮ ಸೀಮೆಯಲ್ಲಿ, ನಮ್ಮ ಬಾಯಿಮಾತಿನಲ್ಲಿ ಮಾಡೋಣ.

ನಮ್ಮ ನಾಟಕಗಳಿಗೆ ಸೈನಿಕ ಹೊಸಬನಲ್ಲ. ಮೂರನೆಯ ಅಂಕದಲ್ಲಿ ರಜೆಗೆ ಬರುತ್ತಾನೆ, ಖಳನಾಯಕನನ್ನು ಬಡಿಯುತ್ತಾನೆ, ಕೊನೆಗೆ ಧ್ವಜ ಹೊದ್ದು ಬರುತ್ತಾನೆ. ಅವನ ತಾಯಿ ಎದೆ ಬಡಿದುಕೊಂಡು ಅತ್ತು, ಇನ್ನೊಬ್ಬ ಮಗನಿದ್ದರೂ ಕಳಿಸುತ್ತಿದ್ದೆ ಎನ್ನುತ್ತಾಳೆ. ಚಪ್ಪಾಳೆ ಬೀಳುತ್ತದೆ. ಹೆಂಡತಿ ಕುಂಕುಮ ಒರೆಸಿಕೊಳ್ಳುತ್ತಾಳೆ, ಪರದೆ ಬೀಳುತ್ತದೆ. ಆದರೆ ಪರದೆ ಬಿದ್ದ ಮೇಲೆ ಆಕೆಯ ಎದುರು ನಲವತ್ತು ವರ್ಷಗಳ ಬದುಕಿದೆ. ಆ ನಲವತ್ತು ವರ್ಷಗಳಿಗೆ ನಾವು ಈವರೆಗೆ ಒಂದು ಪ್ರವೇಶವನ್ನೂ ಬರೆದಿಲ್ಲ.

ಸೇನೆಯ ಮರಾಠಾ ಲಘು ಪದಾತಿ ದಳದ ಕೇಂದ್ರ ನಮ್ಮ ಬೆಳಗಾವಿಗೆ ಬಂದು ನೂರು ವರ್ಷ ದಾಟಿತು. ಅದಕ್ಕೂ ಮೊದಲು, 1915–16ರಲ್ಲಿ, ಮರಾಠಾ ಪಲ್ಟನ್‌ಗಳು ಈಗಿನ ಇರಾಕಿನ ಕುತ್ ಊರಿನಲ್ಲಿ 147 ದಿನ ಮುತ್ತಿಗೆಯೊಳಗೆ ಸಿಕ್ಕಿಬಿದ್ದು, ಹಸಿದು, ಶರಣಾಗಿ ಸೆರೆ ಹೋದವು. ಆಮೇಲೆ ಇಟಲಿ, ಶ್ರೀಲಂಕಾ, ಕಾರ್ಗಿಲ್, ಸಿಯಾಚಿನ್. ಪಲ್ಟನ್ನಿನ ಚರಿತ್ರೆಯಲ್ಲಿ ಕದನದ ದಿನಾಂಕ, ಪದಕದ ವಿವರ ಎಲ್ಲ ಸಿಗುತ್ತವೆ. ಆ ದಿನಗಳಲ್ಲಿ ಹೊಲ ಯಾರು ಉತ್ತರು, ಸಾಲ ಯಾರು ತೀರಿಸಿದರು, ಹುಟ್ಟಿದ ಕೂಸಿಗೆ ಅಪ್ಪನ ಮುಖ ಯಾವಾಗ ಕಂಡಿತು ಎನ್ನುವುದು ಹೆಣ್ಣುಮಕ್ಕಳ ನೆನಪಿನಲ್ಲಿ ಮಾತ್ರ ಇದೆ. ಹಿರಿಯರೊಬ್ಬರು ತೀರಿಕೊಂಡಾಗಲೆಲ್ಲ ಅದರಲ್ಲಿ ಒಂದಿಷ್ಟು ಮಣ್ಣಿಗೆ ಹೋಗುತ್ತದೆ.

2016ರ ಫೆಬ್ರವರಿಯನ್ನು ನೆನೆಯಿರಿ. ಕುಂದಗೋಳ ತಾಲೂಕಿನ ಬೆಟದೂರಿನ ಸೈನಿಕ ಹನುಮಂತಪ್ಪ ಕೊಪ್ಪದ ಸಿಯಾಚಿನ್ನಿನ ಹಿಮದಡಿ ಆರು ದಿನ ಇದ್ದು ಜೀವಂತ ಸಿಕ್ಕರು. ದಿಲ್ಲಿಯ ಆಸ್ಪತ್ರೆಯಲ್ಲಿ 11ರಂದು ತೀರಿಕೊಂಡರು. ಅಷ್ಟೂ ಹೊತ್ತು ಕ್ಯಾಮೆರಾಗಳು ಆ ಮನೆಯವರ ಮುಖದ ಮೇಲಿದ್ದವು. ಸತ್ತನೆಂದುಕೊಂಡವನು ಬದುಕಿದ್ದಾನೆ ಎಂಬ ಸುದ್ದಿ, ಅದರ ಹಿಂದೆಯೇ ಇಲ್ಲ ಎಂಬ ಸುದ್ದಿ. ಇವೆರಡರ ನಡುವೆ ಒಂದು ಮನೆಯ ಹೆಂಗಸರ ಮೇಲೆ ಏನು ಹಾಯ್ದು ಹೋಗುತ್ತದೆ ಎಂಬುದನ್ನು ಮೈಕು ಹಿಡಿದು ಒಂದು ನಿಮಿಷದಲ್ಲಿ ಕೇಳಲಾಗದು. ಅದಕ್ಕೆ ತಿಂಗಳುಗಟ್ಟಲೆ ಹೋಗಿ ಬರುವವರು ಬೇಕು. ತಾಲೀಮು ಮಾಡುವವರಿಗೆ ಮಾತ್ರ ಆ ತಾಳ್ಮೆ ಇರುತ್ತದೆ ಎಂದು ನಂಬಿದ್ದೇನೆ.

ಇನ್ನೊಂದು ನಮ್ಮ ಪಕ್ಕದ್ದೇ. 2025ರ ಮೇ 7ರಂದು ಆಪರೇಷನ್ ಸಿಂಧೂರದ ವಿವರವನ್ನು ದೇಶಕ್ಕೆ ಹೇಳಿದ ಕರ್ನಲ್ ಸೋಫಿಯಾ ಖುರೇಷಿ ಗೋಕಾಕ ತಾಲೂಕಿನ ಕೊಣ್ಣೂರಿನ ಸೊಸೆ. ಊರಿಗೆ ಊರೇ ಹೆಮ್ಮೆ ಪಟ್ಟಿತು. ವಾರ ಕಳೆಯುವುದರೊಳಗೆ ಅವರ ಗಂಡನ ಮನೆಯ ಮೇಲೆ ದಾಳಿಯಾಗಿದೆ ಎಂಬ ಪೋಸ್ಟ್ ಹರಿದಾಡಿತು. ಅದು ಸುಳ್ಳು ಎಂದು ಬೆಳಗಾವಿ ಜಿಲ್ಲಾ ಪೊಲೀಸರು ಹೇಳಬೇಕಾಯಿತು. ಸಮವಸ್ತ್ರ ತೊಟ್ಟ ಹೆಣ್ಣುಮಗಳ ಹೆಸರಿನ ಸುತ್ತಲೇ ಇಷ್ಟು ಬೇಗ ಸುಳ್ಳು ಬೆಳೆಯುವುದಾದರೆ, ಹೆಸರೇ ಇಲ್ಲದವರ ಗತಿ ಏನು? ಆದ್ದರಿಂದಲೇ ಕಲ್ಪನೆಯ ನಾಟಕಕ್ಕಿಂತ ಆಧಾರವಿರುವ ನಾಟಕ ಈ ಹೊತ್ತಿಗೆ ಬೇಕು ಎನ್ನುತ್ತಿದ್ದೇನೆ.

ಇದು ಪಟ್ಟಣದವರ ಆಟ, ನಮಗೆ ಒಗ್ಗದು ಎಂದು ಯಾರಾದರೂ ಅಂದಾರು. ಪೀಟರ್ ವೈಸ್ ಎಂಬ ನಾಟಕಕಾರ ಆಶ್ವಿಟ್ಸ್ ನಾಜಿ ಶಿಬಿರದ ವಿಚಾರಣೆಯ ಸಾಕ್ಷಿಗಳ ಮಾತಿನಿಂದಲೇ ನಾಟಕ ಕಟ್ಟಿ 1965ರಲ್ಲಿ ಜರ್ಮನಿಯ ಹಲವು ರಂಗಮಂದಿರಗಳಲ್ಲಿ ಒಂದೇ ರಾತ್ರಿ ಆಡಿಸಿದ, ನಿಜ. ಆದರೆ ಊರಲ್ಲಿ ನಡೆದದ್ದನ್ನು ಊರ ಮುಂದೆ ಆಡುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಸಂಗ್ಯಾ ಬಾಳ್ಯಾ ಬೈಲಹೊಂಗಲದಲ್ಲಿ ನಡೆದ ಘಟನೆಯಿಂದ ಹುಟ್ಟಿದ ಸಣ್ಣಾಟ ಎಂದೇ ನಮ್ಮ ಜನ ನೋಡಿದ್ದಾರೆ. ಅದನ್ನು ಸಂಪಾದಿಸಿ ಅಚ್ಚಿಗೆ ತಂದ ಚಂದ್ರಶೇಖರ ಕಂಬಾರರು ಹುಕ್ಕೇರಿ ತಾಲೂಕಿನ ಘೋಡಗೇರಿಯವರು. ಶ್ರೀಕೃಷ್ಣ ಪಾರಿಜಾತದ ಆಟವಂತೂ ನಮ್ಮ ಅಂಗಳದ್ದು. ಕುಲಗೋಡ ತಮ್ಮಣ್ಣ ಅದಕ್ಕೆ ರೂಪ ಕೊಟ್ಟ, ಕೌಜಲಗಿ ನಿಂಗಮ್ಮ ಅದನ್ನು ಊರೂರಿಗೆ ಒಯ್ದಳು. ಹೆಣ್ಣು ರಂಗವೇರುವುದು ದೊಡ್ಡ ಮಾತಾಗಿದ್ದ ಕಾಲದಲ್ಲಿ ಸತ್ಯಭಾಮೆಯ ಸಿಟ್ಟನ್ನು ಹೆಣ್ಣಿನ ದನಿಯಲ್ಲೇ ಕೇಳಿಸಿಕೊಂಡ ಸೀಮೆ ಇದು.

ನಮ್ಮ ಆಟದ ಕಟ್ಟಿನಲ್ಲೇ ಒಂದು ಅನುಕೂಲವಿದೆ, ಅದನ್ನು ನಿಮ್ಮ ಗಮನಕ್ಕೆ ತರಲೇಬೇಕು. ಪಾತ್ರ ರಂಗಕ್ಕೆ ಬಂದ ಕೂಡಲೇ ಭಾಗವತ ತಡೆಯುತ್ತಾನೆ. ತಾವು ಯಾರು, ಎಲ್ಲಿಂದ ಬಂದಿರಿ, ಬಂದ ಕಾರಣವೇನು ಎಂದು ಕೇಳುತ್ತಾನೆ. ಪಾತ್ರ ತನ್ನ ವೃತ್ತಾಂತ ತಾನೇ ಹೇಳುತ್ತದೆ. ದಾಖಲೆ ನಾಟಕಕ್ಕೆ ಬೇಕಾದದ್ದು ಇದೇ: ಕೇಳುವವನೊಬ್ಬ, ಹೇಳುವವಳೊಬ್ಬಳು, ನಡುವೆ ಹಿಮ್ಮೇಳ. ಮೇಳದವರು ಹಾಡುವ ಕಡೆ ಸರಕಾರಿ ಆದೇಶ ಓದಿದರೂ ನಡೆದೀತು.

ಆದೇಶ ಎಂದೆ. ಒಂದನ್ನು ನೋಡಿ. ಶೌರ್ಯ ಪದಕದ ಜೊತೆ ಮಾಸಿಕ ಭತ್ಯೆ ಬರುತ್ತದೆ. ಪದಕ ಪಡೆದವನು ತೀರಿಕೊಂಡರೆ ಅದು ಹೆಂಡತಿಗೆ ಸಲ್ಲುತ್ತದೆ. ಅವಳು ಮರುಮದುವೆಯಾದರೆ ಭತ್ಯೆ ನಿಲ್ಲುತ್ತಿತ್ತು. ಆದರೆ 1995ರ ಆದೇಶದ ಪ್ರಕಾರ, ಸತ್ತ ಗಂಡನ ತಮ್ಮನನ್ನೋ ಅಣ್ಣನನ್ನೋ ಮದುವೆಯಾದರೆ ಮುಂದುವರಿಯುತ್ತಿತ್ತು. ಈ ಷರತ್ತನ್ನು ರಕ್ಷಣಾ ಸಚಿವಾಲಯ ತೆಗೆದದ್ದು 2017ರ ನವೆಂಬರ್‌ನಲ್ಲಿ. ಕಾರ್ಗಿಲ್ ಮುಗಿದು ಹದಿನೆಂಟು ವರ್ಷವಾಗಿತ್ತು. ಆ ಹದಿನೆಂಟು ವರ್ಷ ಈ ಸಾಲು ಎಷ್ಟು ಮನೆಗಳ ಪಡಸಾಲೆಯಲ್ಲಿ ಮಾತಾಗಿರಬೇಡ! ಅತ್ತೆ ಮಾವ ಒಂದು ಕಡೆ, ತವರವರು ಒಂದು ಕಡೆ, ನಿನ್ನೆಯವರೆಗೆ ತಮ್ಮ ಎಂದು ಕಂಡ ಮೈದುನ ಬಾಗಿಲಲ್ಲಿ, ನಡುವೆ ಇಪ್ಪತ್ತೆರಡರ ಹುಡುಗಿ. ಇದಕ್ಕೆ ಸಂಭಾಷಣೆಕಾರ ಬೇಕಿಲ್ಲ. ಆದೇಶವನ್ನು ಒಮ್ಮೆ ಗಟ್ಟಿಯಾಗಿ ಓದಿ, ಸಭೆಯನ್ನು ಸುಮ್ಮನೆ ಕೂಡಿಸಿ ಸಾಕು.

ಸತ್ತವರ ಮನೆಗಷ್ಟೇ ಹೋಗಬೇಡಿ. ಗಂಡ ಇನ್ನೂ ಗಡಿಯಲ್ಲಿರುವವರು, ಫೋನು ಹತ್ತದ ರಾತ್ರಿ ಟಿವಿ ಹಚ್ಚಲೋ ಬೇಡವೋ ಎಂದು ಕೂತವರು, ಗಾಯಗೊಂಡು ಬಂದವನನ್ನು ವರ್ಷಗಟ್ಟಲೆ ಎತ್ತಿ ಕೂಡಿಸುವವರು, ಮಗ ಭರ್ತಿಯ ರ‍್ಯಾಲಿಗೆ ಓಡುವ ಅಭ್ಯಾಸ ಮಾಡುತ್ತಿರುವಾಗ ಬೆಳಗಿನ ಜಾವ ಎದ್ದು ಬಾಗಿಲು ತೆಗೆಯುವ ತಾಯಂದಿರು. ಇವರೆಲ್ಲರ ಮನೆಗೂ ಯುದ್ಧ ಬಂದಿದೆ.

ಮಾತು ಕೇಳಲು ಹೋದಾಗ ಒಂದು ಎಚ್ಚರ ಇರಲಿ. ಎರಡನೆಯ ಮಹಾಯುದ್ಧದಲ್ಲಿ ಕಾದಿದ ಸೋವಿಯತ್ ಹೆಣ್ಣುಮಕ್ಕಳ ಮಾತನ್ನು ಊರೂರಿಗೆ ಹೋಗಿ ಸಂಗ್ರಹಿಸಿದ ಲೇಖಕಿ ಸ್ವೆತ್ಲಾನಾ ಅಲೆಕ್ಸಿಯೆವಿಚ್, ಗಂಡ ಪಕ್ಕದಲ್ಲಿದ್ದರೆ ಹೆಂಗಸರ ಕಥೆಯೇ ಬೇರೆಯಾಗುತ್ತಿತ್ತು ಎಂಬುದನ್ನು ಬರೆದಿದ್ದಾರೆ. ನಮ್ಮ ಮನೆಗಳಲ್ಲೂ ಹಿರಿಯರ ಎದುರು ಸೊಸೆ ಬಾಯಿ ಬಿಡಲಾರಳು. ಹೆಣ್ಣುಮಕ್ಕಳೇ ಹೋಗಲಿ, ಅಡುಗೆಮನೆಯಲ್ಲೋ ಹೊಲದ ಬದುವಿನಲ್ಲೋ ಕೂತು ಕೇಳಲಿ. ಬೇಡ ಎಂದವಳನ್ನು ಎರಡನೆಯ ಸಲ ಕೇಳಬಾರದು. ಹೆಸರು, ಊರು ಮರೆಸಬೇಕು ಎಂದರೆ ಮರೆಸಬೇಕು. ಅವಳು ಅಳದೆ ಹೇಳಿದ್ದನ್ನು ನಟಿ ಅಳುತ್ತ ಹೇಳಬಾರದು. ನಮ್ಮ ರಂಗಕ್ಕೆ ಇದೇ ಎಲ್ಲಕ್ಕಿಂತ ಕಷ್ಟ ಎಂದು ಬಲ್ಲೆ. ಟಿಕೀಟಿನ ಹಣದಲ್ಲಿ ಮಾತು ಕೊಟ್ಟವರಿಗೂ ಪಾಲಿರಲಿ.

ಇದರಿಂದ ಸೇನೆಯ ಗೌರವಕ್ಕೆ ಕುಂದು ಎಂದು ಹಿರಿಯರು ಅಳುಕಬಹುದು. ಹಳೆಯದೊಂದು ಉದಾಹರಣೆ ನೋಡಿ. ಕ್ರಿ.ಪೂ. 416ರಲ್ಲಿ ಅಥೆನ್ಸಿನ ಸೇನೆ ಮೀಲೋಸ್ ದ್ವೀಪದ ಗಂಡಸರನ್ನು ಕೊಂದು ಹೆಂಗಸರು ಮಕ್ಕಳನ್ನು ಮಾರಿತು. ಮರುವರ್ಷವೇ ಅದೇ ಅಥೆನ್ಸಿನ ಹಬ್ಬದಲ್ಲಿ ನಾಟಕಕಾರ ಯುರಿಪಿಡಿಸ್, ಸೋತ ಟ್ರಾಯ್ ನಗರದ ಹೆಂಗಸರ ನಾಟಕ ಆಡಿಸಿದ. ಊರು ಕೂತು ನೋಡಿತು. 2013ರಲ್ಲಿ ಜೋರ್ಡಾನಿನ ಅಮ್ಮಾನ್‌ನಲ್ಲಿ ಸಿರಿಯಾದಿಂದ ಓಡಿಬಂದ ಹೆಂಗಸರು ಅದೇ ನಾಟಕದೊಳಗೆ ತಮ್ಮ ಕಥೆ ಸೇರಿಸಿ ತಾವೇ ಆಡಿದರು. ನಮ್ಮ ಹೆಣ್ಣುಮಕ್ಕಳ ಮಾತು ಕೇಳಿದರೆ ಸೈನಿಕನ ಗೌರವ ಕಡಿಮೆಯಾಗದು; ಅವನು ಬಿಟ್ಟುಹೋದ ಮನೆಯ ಲೆಕ್ಕ ಊರಿಗೆ ತಿಳಿಯುತ್ತದೆ.

ಮೊದಲ ಪ್ರಯೋಗ ಜಾತ್ರೆಯಲ್ಲಿ ಬೇಡ. ಮಾತು ಕೊಟ್ಟ ಹೆಣ್ಣುಮಕ್ಕಳನ್ನಷ್ಟೇ ಕರೆದು ಶಾಲೆಯ ಒಂದು ಕೋಣೆಯಲ್ಲಿ ಆಡಿ ತೋರಿಸಿ. ಅವರು ಬೇಡ ಎಂದ ಸಾಲನ್ನು ಅಲ್ಲೇ ಹೊಡೆದುಹಾಕಿ. ಆಮೇಲೆ ಹುಕ್ಕೇರಿಯಲ್ಲಿ ಒಂದು, ಗೋಕಾಕದಲ್ಲಿ ಒಂದು, ಮೂಡಲಗಿಯಲ್ಲಿ ಒಂದು ಆಟ. ತಾಲೀಮಿಗೆ ಜಾಗ, ಒಂದು ಹಾರ್ಮೋನಿಯಂ, ಊರಿಗಿಬ್ಬರು ಕೇಳುವ ಹೆಣ್ಣುಮಕ್ಕಳು ಇಷ್ಟನ್ನು ಕಮಿಟಿ ಒದಗಿಸಲಿ. ಬರೆದುಕೊಳ್ಳುವ, ಓದಿ ಹೇಳುವ ಕೆಲಸ ನನ್ನದು. ಮುಂದಿನ ಸಭೆ ಎಂದು ಎಂಬುದನ್ನು ತಿಳಿಸಿ, ಬರುತ್ತೇನೆ.

ನಿಮ್ಮ ಸೀಮೆಯ
ಒಬ್ಬ ನಾಟಕಪ್ರೇಮಿ