ಪರದೇಶಿ ಪರಿಚಯ ಮೀಮಾಂಸೆ

ಪರದೇಶದಲ್ಲಿ ಎದುರಾದ ಅಪರಿಚಿತನಿಗೂ ನಮಗೂ ಸಮಾನವಾದದ್ದು ಏನು ಎಂಬ ಪ್ರಶ್ನೆಯನ್ನು ಪೂರ್ವಾಚಾರ್ಯರು ಎತ್ತಿಕೊಳ್ಳಲಿಲ್ಲ. ಸಮುದ್ರ ದಾಟಿದರೆ ಜಾತಿ ಕೆಡುತ್ತದೆಂಬ ಚಿಂತೆಯಲ್ಲಿದ್ದವರಿಗೆ ಅಷ್ಟು ಪುರುಸೊತ್ತು ಎಲ್ಲಿಯದು? ವೀಸಾ ಸಿಕ್ಕವರೆಲ್ಲ ದಾಟುತ್ತಿರುವ ಈ ಕಾಲದಲ್ಲಿ ಶಾಸ್ತ್ರಕ್ಕೆ ಆ ಕೊರತೆ ಉಳಿಯಬಾರದೆಂದು ಈ ಮೀಮಾಂಸೆ.

ಸೂತ್ರ: ಭಾಷೆ ಕಡಿಮೆಯಾದಷ್ಟೂ ಸ್ನೇಹ ಹೆಚ್ಚು.

ಪೂರ್ವಪಕ್ಷದವರು ‘ಮಾತೇ ತಿಳಿಯದಿದ್ದರೆ ಸ್ನೇಹ ಹೇಗಯ್ಯಾ?’ ಎನ್ನುತ್ತಾರೆ. ಅವರು ಉಜ್ಬೆಕಿಸ್ತಾನದ ತಾಷ್ಕೆಂಟಿನಲ್ಲಿ ಟ್ಯಾಕ್ಸಿ ಹತ್ತಿದವರಲ್ಲ. ಅಲ್ಲಿ ತಲೆ ನರೆತ ಚಾಲಕ ನಿಮ್ಮ ಮುಖ ನೋಡಿ ‘ಹಿಂದಿಸ್ತಾನ್?’ ಎಂದವನೇ ‘ರಾಜ್ ಕಪೂರ್!’ ಎಂದು ಸ್ಟಿಯರಿಂಗ್ ಬಿಟ್ಟು ಎದೆ ಮುಟ್ಟಿಕೊಳ್ಳುತ್ತಾನೆ. 1951ರ ‘ಆವಾರಾ’ 1954ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಗಿ ಕೋಟಿಗಟ್ಟಲೆ ಜನರನ್ನು ಚಿತ್ರಮಂದಿರಕ್ಕೆ ಎಳೆದಿತ್ತು. ಮೂವತ್ತು ವರ್ಷ ಕಳೆದ ಮೇಲೆ ಮಿಥುನ್ ಚಕ್ರವರ್ತಿಯ ‘ಡಿಸ್ಕೊ ಡ್ಯಾನ್ಸರ್’ ಅದೇ ಪವಾಡ ಮಾಡಿತು. 1991ರಲ್ಲಿ ಒಕ್ಕೂಟ ಒಡೆದಾಗ ಸೇನೆ, ಕಾರ್ಖಾನೆ ಎಲ್ಲ ಪಾಲಾದವು. ಈ ಸಿನಿಮಾ ಆಸ್ತಿ ಮಾತ್ರ ಪ್ರತಿಯೊಬ್ಬರಿಗೂ ಪೂರ್ತಿಯಾಗಿ ಸಿಕ್ಕಿತು.

ಇಲ್ಲೊಂದು ಸೂಕ್ಷ್ಮ. ‘ಕಪೂರ್’ ಎಂಬುದು ಹಾರ್ನಿನ ಸದ್ದಿನಲ್ಲಿ ಮುಳುಗಿ ‘ರಾಜ್’ ಅಷ್ಟೇ ಕೇಳಿಸಿತೆನ್ನಿ. ಕನ್ನಡಿಗನ ಕಣ್ಣೂ ಒದ್ದೆಯಾಗುತ್ತದೆ. ಚಾಲಕನ ಮನಸ್ಸಿನಲ್ಲಿ ಹರಕು ಪ್ಯಾಂಟಿನ ಅಲೆಮಾರಿ, ಪ್ರಯಾಣಿಕನ ಮನಸ್ಸಿನಲ್ಲಿ ಮಯೂರವರ್ಮನ ವೇಷದ ನಮ್ಮ ಡಾ. ರಾಜ್. ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ. ಸಾಮರಸ್ಯ ಮಾತ್ರ ಪರಿಪೂರ್ಣ. ಇದನ್ನು ತಿದ್ದಲು ಹೋಗುವವನು ಶಾಸ್ತ್ರದ್ರೋಹಿ.

ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1966ರ ಜನವರಿಯಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಈ ಊರಲ್ಲೇ ತೀರಿಕೊಂಡರು, ಅವರ ಹೆಸರಿನ ಬೀದಿಯೂ ಇಲ್ಲಿದೆ ಎಂದು ನೀವು ಗಂಭೀರವಾಗಿ ಶುರುಮಾಡಿದರೆ ಚಾಲಕ ಗೌರವದಿಂದ ತಲೆಬಾಗಿಸಿ, ಮುಂದಿನ ಸಿಗ್ನಲ್ಲಿನಲ್ಲಿ ಮಿಥುನ್ ಬಳಿಗೆ ಮರಳುತ್ತಾನೆ. ಒಪ್ಪಂದಕ್ಕೆ ಯಾರೂ ಸೊಂಟ ಕುಣಿಸಲಾರರು.

ದುಬೈಯಲ್ಲಿ ಭಾಷೆ ಅರ್ಧ ತಿಳಿಯುತ್ತದೆ, ಆದ್ದರಿಂದ ಅಪಾಯವೂ ಅರ್ಧ. ಪಾಕಿಸ್ತಾನದ ಚಾಲಕನಿಗೆ ಮೊದಲು ವಾಸಿಂ ಅಕ್ರಮ್‌ನ ಯಾರ್ಕರನ್ನು ಹೊಗಳತಕ್ಕದ್ದು. ಅವನೇ ದ್ರಾವಿಡ್ ಹೆಸರೆತ್ತುವ ತನಕ ಕಾಯತಕ್ಕದ್ದು. 1996ರ ಮಾರ್ಚ್ 9ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಬೌಂಡರಿ ಹೊಡೆದು ಬ್ಯಾಟು ತೋರಿಸಿದ ಆಮೀರ್ ಸೊಹೈಲನ ಸ್ಟಂಪನ್ನು ವೆಂಕಟೇಶ್ ಪ್ರಸಾದ್ ಮರುಎಸೆತದಲ್ಲೇ ಹಾರಿಸಿದ್ದು, 1999ರಲ್ಲಿ ದೆಹಲಿಯಲ್ಲಿ ಕುಂಬ್ಳೆ ಒಂದೇ ಇನಿಂಗ್ಸಿನ ಹತ್ತೂ ವಿಕೆಟ್ ಕಿತ್ತದ್ದು ನಾಲಗೆಯ ತುದಿಗೆ ಬಂದರೂ ನುಂಗಿಕೊಳ್ಳತಕ್ಕದ್ದು. ಬಾಡಿಗೆ ಕೊಟ್ಟು, ಡಿಕ್ಕಿಯಿಂದ ಸೂಟ್‌ಕೇಸ್ ಇಳಿಸಿಕೊಂಡ ಮೇಲೆ ಹೇಳಬಹುದೆಂದು ಒಂದು ಪಂಥ. ನನ್ನ ಮತದಲ್ಲಿ ಆಗಲೂ ಬೇಡ. ವಾಪಸಿಗೆ ಅವನೇ ಸಿಕ್ಕರೆ?

ಭಾಷೆ ಪೂರ್ತಿ ತಿಳಿಯುವ ಕಡೆಯೇ ಸೂತ್ರದ ನಿಜವಾದ ಪರೀಕ್ಷೆ. ನ್ಯೂಜೆರ್ಸಿಯ ಎಡಿಸನ್ನಿನ ದಿನಸಿ ಅಂಗಡಿಯಲ್ಲಿ ಒಂದೇ ಸಾಂಬಾರ್ ಪುಡಿ ಪೊಟ್ಟಣಕ್ಕೆ ಇಬ್ಬರು ಕೈಹಾಕಿದರೆಂದುಕೊಳ್ಳಿ.

‘ಕನ್ನಡದವ್ರಾ ಸಾರ್?’

‘ಹೌದು ಮಾರಾಯ್ರೆ, ಉಡುಪಿ! ನಿಮ್ಮದು ಯಾವ ಊರು?’

‘ಮೈಸೂರು.’

‘ಮೈಸೂರಲ್ಲಿ ಎಲ್ಲಿ?’

‘ಅಂದ್ರೆ… ಕೆ.ಆರ್. ನಗರದ ಹತ್ರ.’

‘ನಮ್ಮ ಭಾವನ ತಂಗಿಯನ್ನು ಕೆ.ಆರ್. ನಗರಕ್ಕೇ ಕೊಟ್ಟದ್ದು!’

ಇಲ್ಲಿಯವರೆಗೆ ಬ್ರಹ್ಮಾನಂದ. ಆಮೇಲೆ ಪೊಟ್ಟಣದ ವಿಷಯ ಬರುತ್ತದೆ. ಬೆಲ್ಲ ಬೀಳದ್ದು ಸಾಂಬಾರೇ ಅಲ್ಲ ಎಂದು ಉಡುಪಿಯವರು. ಹಾಗಾದರೆ ಅದನ್ನು ಪಾಯಸದ ಲೋಟಕ್ಕೇ ಬಡಿಸಿ ಎಂದು ಕೆ.ಆರ್. ನಗರದವರು. ತಾಷ್ಕೆಂಟಿನಲ್ಲಿ ಎರಡೇ ಶಬ್ದದಲ್ಲಿ ಕಟ್ಟಿದ ವಿಶ್ವಭ್ರಾತೃತ್ವ ಎಡಿಸನ್ನಿನಲ್ಲಿ ವ್ಯಾಕರಣಶುದ್ಧವಾಗಿ ಕುಸಿಯುತ್ತದೆ. ಬಿಲ್ಲು ಮಾಡಿಸಲು ಇಬ್ಬರೂ ಬೇರೆ ಬೇರೆ ಸಾಲಿನಲ್ಲಿ ನಿಲ್ಲುತ್ತಾರೆ.

ಸೂತ್ರ ಸಿದ್ಧವಾಯಿತು. ಆಕ್ಷೇಪವಿರುವ ವಿದ್ವಾಂಸರು ದಯವಿಟ್ಟು ಉಜ್ಬೆಕ್ ಭಾಷೆಯಲ್ಲಿ ಬರೆದು ಕಳಿಸಿ, ಪ್ರೀತಿಯಿಂದ ಸ್ವೀಕರಿಸುತ್ತೇನೆ. ಕನ್ನಡದಲ್ಲಿ ಬರೆದರೆ ಉತ್ತರ ಕೊಡಬೇಕಾದೀತು.